ಬೀಗ ಹಾಕುವ ಮುಂಚೆ ಕಂಡ ನಂಬರ್

2 ನವೆಂಬರ್ 2015, ಸೋಮವಾರ. ಚಿಕ್ಕಬಳ್ಳಾಪುರ

ಆಫೀಸಿಗೆ ಹೋಗುವಷ್ಟರಲ್ಲಿ ಹೆಂಗಸರಿಗೆ ಸಲಹೆ ಕೊಡುವ ನಮ್ಮ ವೆಬ್‌ಸೈಟಿನಲ್ಲಿ ರಾಶಿ ಪ್ರಶ್ನೆ. ಬಸುರಿಯರು ಪಪ್ಪಾಯ ತಿನ್ನಬಹುದಾ — ಇದೊಂದು ದಿನಾ ಇರಲೇಬೇಕು. ಔಷಧಿಯ ಪ್ರಶ್ನೆಗಳನ್ನು ಡಾಕ್ಟರಿಗೆ ಕಳಿಸಿದೆ. ಮನೆಯದು, ಮನಸ್ಸಿನದು ನನ್ನ ಪಾಲು. 'ನಿಮ್ಮ ಗೆಳತಿ' ಅಂತ ಸಹಿ; ಆ ಗೆಳತಿ ನಾನೇ ಅಂತ ಅಪ್ಪ ಅಮ್ಮನಿಗೂ ಹೇಳಿಲ್ಲ. ಅತ್ತೆ ಕಾಟಕ್ಕೆ ಉತ್ತರ ಬರೆದೂ ಬರೆದೂ ನನಗೇ ಅತ್ತೆಯಷ್ಟು ವಯಸ್ಸಾದ ಹಾಗಿದೆ.

ಫ್ರೀ ನೆಟ್ ಕಂಪನಿಯಿಂದ ಮೇಲ್. ಕರೆನ್ಸಿ ಇಲ್ಲದಿದ್ದರೂ ಅವರ ಆಪ್‌ನಲ್ಲಿ ನಮ್ಮ ಸೈಟ್ ತೆರೆಯುತ್ತದೆ. ಹಳ್ಳಿಯವರೆಲ್ಲ ಬರುವುದು ಆ ದಾರಿಯಲ್ಲೇ. ಇನ್ನು ಮೇಲೆ ಸೈಟುಗಳು ಬೀಗ ಹಾಕಿಕೊಳ್ಳಬಹುದಂತೆ — ಫೋನಿನಿಂದ ನಮ್ಮ ತನಕ ಮಧ್ಯೆ ಯಾರೂ ಓದದ ಹಾಗೆ. ಅಂದರೆ ಇಷ್ಟು ದಿನ ಓದಬಹುದಿತ್ತಾ? ಸೈಟ್ ನೋಡಿಕೊಳ್ಳುವ ಮುನೇಶನನ್ನು ಕೇಳಿದೆ.

"ಪೋಸ್ಟ್ ಕಾರ್ಡ್ ಇದ್ದಂಗೆ ಅಕ್ಕ. ಕೈಗೆ ಸಿಕ್ದೋರು ಓದ್ಬಹುದಿತ್ತು," ಅಂದ. ತಣ್ಣಗೆ ಅಂದ. ಎರಡು ಬಿಡೋಣ ಅನ್ನಿಸಿತು.

'ನಿಮ್ಮ ಹೆಸರು, ನಂಬರ್ ಯಾರಿಗೂ ತಿಳಿಯುವುದಿಲ್ಲ' — ಸೈಟಿನ ನೆತ್ತಿಯ ಮೇಲೆ ಹಾಗೆ ಬರೆದವಳು ನಾನು.

ಸಂಜೆ ಮೇಲೂರಿಂದ ಅಪ್ಪನ ಫೋನ್. ರೇಷ್ಮೆ ಹುಳ ಪೊರೆ ಬಿಡಲು ಮೂರನೇ ಜ್ವರಕ್ಕೆ ಕೂತಿವೆಯಂತೆ. ಸೊಪ್ಪು ಚೆನ್ನಾಗಿದೆಯಂತೆ. ಹುಳದ ಯೋಗಕ್ಷೇಮ ದಿನಾ ತಿಳಿಯುತ್ತದೆ. ಮಗಳದು ಕೇಳುವುದಿಲ್ಲ. ಏಪ್ರಿಲ್‌ನಲ್ಲಿ ನನ್ನ ಮಗು ಹೋಯಿತು... ಅವತ್ತಿಂದ ಅದರ ಬಗ್ಗೆ ಒಂದು ಮಾತಿಲ್ಲ. ಆಸ್ಪತ್ರೆಯಲ್ಲಿ ನನಗೆ ತೋರಿಸಲೂ ಇಲ್ಲ. ನೋಡಿದರೆ ಮರೆಯೋಕಾಗಲ್ಲ ಅಂದರು ನರ್ಸುಗಳು. ಗಂಡ ಕೆಂಪರಾಜು ನನ್ನ ಪಕ್ಕವೇ ಕೂತಿದ್ದ, ಅವನೂ ನೋಡಲಿಲ್ಲ. ಬಟ್ಟೆಯಲ್ಲಿ ಸುತ್ತಿದ್ದನ್ನು ಎತ್ತಿಕೊಂಡು ಹೋಗಿದ್ದು ಅಪ್ಪ. ಹೊಲದ ಮೂಲೆಯಲ್ಲಿ ಮಣ್ಣು ಮಾಡಿ, ಕೈ ತೊಳೆದು, ಸೊಪ್ಪು ಕೊಯ್ಯಲು ಹೋದರಂತೆ. ಕಲ್ಲು ಮನುಷ್ಯ.

5 ನವೆಂಬರ್, ಮಧ್ಯಾಹ್ನ

ಸಂಜೆ ತನಕ ಕಾಯಲಾಗದು. ಈಗಲೇ ಬರೆದಿಡುತ್ತೇನೆ.

ಮುನೇಶ ಬೀಗದ ಕೆಲಸ ಮಾಡುತ್ತಿದ್ದ. "ಅಕ್ಕ, ಒಂದ್ನಿಮಿಷ ಬನ್ನಿ ಇಲ್ಲಿ." ಹೋದೆ. ಹಳೆಯ ಪ್ರಶ್ನೆಗಳೆಲ್ಲ ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಪಕ್ಕದಲ್ಲೂ ಒಂದು ಮೊಬೈಲ್ ನಂಬರ್.

"ಯಾರ್ ಕರೆನ್ಸೀಲಿ ದುಡ್ಡು ಹಿಡೀಬಾರ್ದು ಅಂತ ಫ್ರೀ ನೆಟ್ ಕಂಪನಿಯೋರಿಗೆ ಗೊತ್ತಾಗ್ಬೇಕಲ್ಲ ಅಕ್ಕ. ಅದಕ್ಕೆ ದಾರೀಲಿ ನಂಬರ್ ಅಂಟಿಸ್ತಾರೆ. ಅದು ನಮ್ಮತ್ರ ತನಕ ಬಂದ್ಬಿಟ್ಟಿದೆ. ಬೀಗ ಬಿದ್ರೆ ಅಂಟ್ಸೋಕಾಗಲ್ಲ."

ಗಂಡನಿಗೆ ತಿಳಿಯಬಾರದೆಂದು ಕೇಳಿದವರು, ಮದುವೆಗೆ ಮುಂಚೆ ಮುಟ್ಟು ತಪ್ಪಿದವರು — ಎಲ್ಲರೂ ನಂಬರ್ ಸಮೇತ. ನನ್ನನ್ನು ನಂಬಿ. ಮೊದಲು ನಾನು ಬರೆದ ಆ ಸಾಲನ್ನು ಕಿತ್ತು ಹಾಕಿಸಿದೆ. ಇದೆಲ್ಲ ಅಳಿಸಿಬಿಡು ಅಂದೆ. ಬೀಗ ಸರಿಯಾಗಿ ಕೂತ ಮೇಲೆ ಅಳಿಸುತ್ತೇನೆ ಅಂತ ಹೇಳುತ್ತಾ ಕೆಳಗೆ ಉರುಳಿಸುತ್ತಾ ಹೋದ.

ನಿಲ್ಲಿಸು ಅಂದೆ.

ಅದರಲ್ಲೊಂದು ನಂಬರ್ ನನಗೆ ಬಾಯಿಪಾಠ. ದಿನಾ ಸಂಜೆ ಬರುವ ನಂಬರ್.

ಯಾರದು ಅಂತ ಮುನೇಶನಿಗೆ ಹೇಳಲಿಲ್ಲ. ಎದ್ದು ಹೊರಗೆ ಬಂದೆ.

6 ನವೆಂಬರ್

ಆ ನಂಬರಿನ ಪಕ್ಕ ಇದ್ದದ್ದು, ಜೂನ್‌ನಲ್ಲಿ ಬಂದ ಪ್ರಶ್ನೆ:

'ಮೇಡಂ, ನನ್ನ ಮಗಳಿಗೆ ಹೆಣ್ಣು ಮಗು ಹುಟ್ಟುವಾಗಲೇ ತೀರಿಹೋಯಿತು. ಅವಳು ನೋಡಲಿಲ್ಲ. ಮಣ್ಣಿಗೆ ಇಟ್ಟವನು ನಾನು. ಮುಖ ನೋಡಿದವನು ನಾನೊಬ್ಬನೇ. ಅವಳಿಗೆ ಹೇಳಬೇಕೋ ಬೇಡವೋ ತಿಳಿಯದು. ನನ್ನ ಹೆಂಡತಿಗೂ ಹೇಳಿಲ್ಲ. ದಯವಿಟ್ಟು ತಿಳಿಸಿ.'

ಉತ್ತರ: 'ನೀವಾಗಿ ಆ ಮಾತು ಎತ್ತಬೇಡಿ. ಅವರೇ ಕೇಳುವವರೆಗೆ ಕಾಯಿರಿ. ದಿನಾ ಮಾಮೂಲಿನಂತೆ ಮಾತಾಡಿಸುತ್ತಿರಿ. — ನಿಮ್ಮ ಗೆಳತಿ'

ನಾನು. ನಾನೇ. ಆಗಷ್ಟೇ ಕೆಲಸಕ್ಕೆ ಮರಳಿದ್ದೆ. ಮಗು ಹೋದವರ ಪ್ರಶ್ನೆ ಕಂಡರೆ ಪೂರ್ತಿ ಓದುತ್ತಿರಲಿಲ್ಲ. ಓದಲು ಆಗುತ್ತಿರಲಿಲ್ಲ. ಅಂಥವಕ್ಕೆ ಅಂತ ಮೊದಲೇ ಬರೆದಿಟ್ಟ ಉತ್ತರ, ಹಾಕಿ ಮುಂದೆ ಹೋಗುತ್ತಿದ್ದೆ. ಅಪ್ಪ ಅದನ್ನು ಅಕ್ಷರಶಃ ಪಾಲಿಸಿದ್ದಾರೆ. ದಿನಾ ಮಾಮೂಲಿನಂತೆ — ಹುಳ, ಸೊಪ್ಪು.

ಸಂಜೆ ಫೋನ್ ಬಂತು. ಎತ್ತಲಿಲ್ಲ. ಏನಂತ ಮಾತಾಡಲಿ?

9 ನವೆಂಬರ್

ಬೀಗ ಬಿತ್ತು. ಮುನೇಶ ತನ್ನ ಫ್ರೀ ನೆಟ್ ಸಿಮ್‌ನಿಂದ ಪಪ್ಪಾಯದ ಪ್ರಶ್ನೆಯನ್ನೇ ಕಳಿಸಿ ನೋಡಿದ. ನಂಬರಿನ ಜಾಗ ಖಾಲಿ. ಹಳೆಯದೆಲ್ಲ ನನ್ನ ಕಣ್ಣೆದುರಿಗೇ ಅಳಿಸಿದ. ಆ ಸಾಲನ್ನು ಮತ್ತೆ ಹಾಕಿದೆವು. ಈಗ ಅದು ಸುಳ್ಳಲ್ಲ.

ಆದರೆ ನನ್ನ ತಲೆಯಲ್ಲಿರುವುದನ್ನು ಯಾರು ಅಳಿಸುತ್ತಾರೆ? ನನಗೆ ನನ್ನ ಮಗುವಿನ ಮುಖ ಗೊತ್ತಾಗಬೇಕು. ಅದು ಇರುವುದು ಅಪ್ಪನ ಹತ್ತಿರ ಮಾತ್ರ. ನಾನು ಓದಿದೆ ಅಂತ ತಿಳಿದರೆ ಅವರು ಇನ್ನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. ಕೇಳದಿದ್ದರೆ ಆ ಮುಖ ಅವರ ಜೊತೆಗೇ ಹೋಗುತ್ತದೆ.

ಹಬ್ಬಕ್ಕೆ ಮೇಲೂರಿಗೆ ಹೋಗುತ್ತೇನೆ. ಕೆಂಪರಾಜುಗೆ ಶಿಫ್ಟ್ ಇದೆ. ಒಬ್ಬಳೇ.

12 ನವೆಂಬರ್, ಮೇಲೂರು

ಅಮ್ಮ ಒಳಗೆ ಒಬ್ಬಟ್ಟು ತಟ್ಟುತ್ತಿದ್ದಳು. ಅಪ್ಪ ಹುಳದ ಮನೆಯಲ್ಲಿ. ನಾನೂ ಹೋಗಿ ಸೊಪ್ಪಿನ ಕಂತೆ ಎತ್ತಿಕೊಂಡೆ.

"ಅಪ್ಪ, ಮಗು ಹೆಂಗಿತ್ತು?"

ಸೊಪ್ಪು ಹಾಕುತ್ತಿದ್ದ ಕೈ ನಿಂತಿತು.

"ಅದೆಲ್ಲ ಈಗ್ಯಾಕಮ್ಮ."

"ಎತ್ಕೊಂಡ್ ಹೋಗಿದ್ದು ನೀನೇ ಅಲ್ವಾ."

"ಒಬ್ರು ಮೇಡಂ ಅವ್ರೆ. ದೊಡ್ಡ ಡಾಕ್ಟ್ರು ಕಣಮ್ಮ. ನಾವಾಗಿ ಆ ಮಾತು ಎತ್ಬಾರ್ದು ಅಂತ ಹೇಳವ್ರೆ."

ದೊಡ್ಡ ಡಾಕ್ಟ್ರು. ಬಿ.ಎ., ಅದೂ ಎರಡನೇ ಸಲಕ್ಕೆ ಪಾಸಾದವಳು. ನಗುವೂ ಬಂತು, ಅಳುವೂ ಬಂತು. ಹೇಳಿಬಿಡೋಣ ಅಂತ ಬಾಯಿ ತನಕ ಬಂದಿದ್ದನ್ನು ನುಂಗಿಕೊಂಡೆ.

"ನಾನಾಗಿ ಕೇಳಿದ್ರೂ ಹೇಳ್ಬೇಡ ಅಂದವ್ರಾ?"

ಅಪ್ಪ ಯೋಚಿಸಿದರು. "ಇಲ್ಲ. ಕೇಳೋವರ್ಗೂ ಕಾಯಿ ಅಂದ್ರು."

"ಕೇಳ್ತಾ ಇದ್ದೀನಲ್ಲಪ್ಪ."

ಟವೆಲ್‌ನಲ್ಲಿ ಕೈ ಒರೆಸಿಕೊಂಡು ನೆಲದ ಮೇಲೆ ಕೂತರು. ನಾನೂ ಕೂತೆ.

"ತಲೆ ತುಂಬ ಕೂದ್ಲು," ಅಂದರು. "ಒದ್ದೆ ಇತ್ತು, ಒರೆಸ್ದೆ. ಹಣೆ ನಮ್ಮಮ್ಮಂದು. ಬಾಯಿ ನಿಂದೇ ಕಣಮ್ಮ. ಸಿಟ್ಟು ಬಂದಾಗ ಬಿಗಿಯಾಗಿ ಮುಚ್ಕೋತೀಯಲ್ಲ, ಹಂಗೇ." ಕೆಳಗೆ ಉದುರಿದ್ದ ಸೊಪ್ಪೊಂದನ್ನು ಎತ್ತಿ ಹುಳದ ಮೇಲೆ ಹಾಕಿದರು. "ಹೆಸ್ರಿಲ್ದೆ ಹೆಂಗ್ ಮಣ್ಣಿಗಿಡೋದು ಅಂತ ಒಂದು ಹೆಸ್ರು ಕರ್ದೆ. ನಿನ್ನ ಕೇಳ್ಳಿಲ್ಲ. ತಪ್ಪಾಯ್ತೇನೋ."

ಏನಂತ ಕರೆದೆ ಅಪ್ಪ, ಅಂದೆ. ಹೇಳಿದರು. ಇನ್ನೊಂದು ಸಲ ಹೇಳು ಅಂದೆ. ಮತ್ತೆ ಹೇಳಿದರು.

ಅದನ್ನು ಬರೆದಿಡಬೇಕು ಅಂತಲೇ ಈ ಪುಸ್ತಕ ತೆಗೆದೆ. ನನ್ನ ಮಗಳ ಹೆಸರು ಮುಂದಿನ ಪುಟದಲ್ಲಿದೆ; ಅದು ನನಗೂ ಅಪ್ಪನಿಗೂ ಮಾತ್ರ.