ಹುಟ್ಟಿದಾಗಲೇ ಒಂದು

ಮಿಯಂಗ್,

ಆಸ್ಟ್ರೇಲಿಯಾದ ನಮ್ಮ ಕಿತ್ತಳೆ ಶೆಡ್ಡಿಗೆ ಇಂದು ವೀಸಾ ತಪಾಸಣೆಯವರು ಬಂದರು. ವಯಸ್ಸು ಕೇಳಿದಾಗ ಗಾಬರಿಯಲ್ಲಿ ಕೊರಿಯಾದ ಲೆಕ್ಕವೇ ಬಾಯಿಗೆ ಬಂತು: "ಮೂವತ್ತೆರಡು."

"ಪಾಸ್‌ಪೋರ್ಟಲ್ಲಿ ಮೂವತ್ತಿದೆ. ಯಾರದಮ್ಮಾ ಇದು, ತಂಗೀದಾ?"

ಅಧಿಕಾರಿ ಅದನ್ನು ಜೇಬಿಗಿಳಿಸಿದ. ಕೈಯಲ್ಲಿದ್ದ ಕಿತ್ತಳೆಯನ್ನು ಕೆಳಗಿಡಲೂ ನನಗೆ ಧೈರ್ಯ ಬರಲಿಲ್ಲ. ಎಂಬತ್ತೆಂಟು ದಿನ ತೋಟದಲ್ಲಿ ದುಡಿದರೆ ಇನ್ನೊಂದು ವರ್ಷ ಇರಬಹುದು; ನನಗೆ ಎಂಬತ್ತೊಂದಾಗಿತ್ತು.

"ನಮ್ಮಲ್ಲಿ ಹುಟ್ಟಿದಾಗ್ಲೇ ಒಂದು ಸರ್, ಹೊಸ ವರ್ಷ ಬಂದ್ರೆ ಇನ್ನೊಂದು. ನಾನು ಡಿಸೆಂಬರಲ್ಲಿ ಹುಟ್ಟಿದ್ದು."

ಅವನು ನಕ್ಕು ಪಾಸ್‌ಪೋರ್ಟ್ ಹಿಂದಿರುಗಿಸಿದ. "ಎರಡು ಲೆಕ್ಕ ಬೇರೆ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿರ್ಲಿಲ್ಲ ಸರ್."

ಹೋದ ವರ್ಷ ನೀನು ಕೊರಿಯಾದ ಲೆಕ್ಕವನ್ನೇ ಹಿಡಿದು, "ಈ ವೀಸಾ ಮೂವತ್ತರವರೆಗೆ ಮಾತ್ರವಂತೆ, ನಮಗೆ ಮೂವತ್ತೊಂದಾಯ್ತಲ್ಲೇ" ಎಂದು ಅರ್ಜಿ ಮಡಚಿಟ್ಟೆ. ಮಾರ್ಚಿನಲ್ಲಿ ನಿನಗೆ ನಿಜವಾಗಿ ಮೂವತ್ತೊಂದು ತುಂಬಿತು. ಏಪ್ರಿಲ್‌ನಲ್ಲಿ ನನ್ನನ್ನು ಬೀಳ್ಕೊಡಲು ವಿಮಾನ ನಿಲ್ದಾಣಕ್ಕೆ ಬಂದು, "ಲೆಕ್ಕ ಬೇರೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತೇನೇ?" ಎಂದೆ.

ಆಗಲೂ ಇದೇ ಸುಳ್ಳು ಹೇಳಿದ್ದೆ.