ಮಂಡಿಯ ತಾರೀಖು, ಹಲ್ಲಿನ ಗುಟ್ಟು

ಮಾರ್ಚ್ 3, ಬೆಳಿಗ್ಗೆ 6

ಎಡಮಂಡಿಗೆ ಐಸ್, ಹದಿನೈದು ನಿಮಿಷ. ಆಮೇಲೆ ಕಾಲು ನೀಡಿ ತೊಡೆ ಬಿಗಿಸುವುದು, ಬಿಡುವುದು—ಇಪ್ಪತ್ತು ಸಲ. ಬೇಜಾರಾಗದಿರಲೆಂದು ಪ್ರಾಸ ಕಟ್ಟಿದ್ದೇನೆ: ಬಿಗಿ, ಬಿಗಿ, ನೋವೇ ಹೊರಗೆ ಜಿಗಿ; ಬಿಡು, ಬಿಡು, ನಡೆಯಲು ದಾರಿ ಕೊಡು. ಕಾವ್ಯವಲ್ಲ, ಕಷಾಯ.

ನಲವತ್ತಾರಕ್ಕೇ ಹೊಸ ಮಂಡಿ. ಹಳೇ ಸ್ಕೂಟರ್ ಪೆಟ್ಟಿನ ಪ್ರತಾಪ. ಆಪರೇಷನ್ 24ಕ್ಕೆ, ನಾಲ್ಕು ತಿಂಗಳು ಕಾದು ಸಿಕ್ಕ ತಾರೀಖು. ಡ್ರೈವರ್ ಸಾಹೇಬರು—ಬಸ್ಸಿಗೆ ಡ್ರೈವರ್, ನನಗೆ ಗಂಡ—ಮೂರು ವಾರ ರಜ ಹೊಂದಿಸಲು ಯಾರ್ಯಾರದೋ ಡ್ಯೂಟಿ ಮಾಡುತ್ತಿದ್ದಾರೆ.

ಮಾರ್ಚ್ 7

ಕಾಲೇಜು ಲೈಬ್ರರಿಯ ನನ್ನ ಡ್ಯೂಟಿಯಲ್ಲಿ ಕೆಳಸಾಲಿನ ಪುಸ್ತಕ ಕೇಳಿದವರಿಗೆಲ್ಲ ಸೊಂಟದೆತ್ತರದ್ದನ್ನೇ ಹೊಗಳಿ ಕೊಟ್ಟೆ. ಕೆಮಿಸ್ಟ್ರಿ ಮೇಷ್ಟ್ರು ಕಾದಂಬರಿ ಹಿಡಿದು ಹೋದರು. ಬಗ್ಗಲಾರದವಳ ಸಾಹಿತ್ಯಸೇವೆ.

ಕೋಲು ಬಲಗೈಯಲ್ಲಿ ಹಿಡಿಯಬೇಕಂತೆ. ಎಡಮಂಡಿಗೆ ವಿರೋಧಪಕ್ಷದ ಬೆಂಬಲ.

ಮಾರ್ಚ್ 15

ಬಲದವಡೆ ಹಲ್ಲು ಜುಮ್ಮೆನ್ನುತ್ತಿದೆ... ಆಸ್ಪತ್ರೆಯ ಚೀಟಿಯಲ್ಲಿ ದಪ್ಪಕ್ಷರ: ಜ್ವರ, ಗಾಯ, ಹಲ್ಲುನೋವು ಇದ್ದರೆ ಮೊದಲೇ ತಿಳಿಸಿ, ಸೋಂಕು ಹೊಸ ಕೀಲಿಗೆ ಇಳಿಯಬಹುದು. ತಿಳಿಸಿದರೆ ತಾರೀಖು ಹೋಗುತ್ತದೆ. ಅವರ ರಜವೂ.

ಎಡಗಡೆ ಅಗಿಯುತ್ತಿದ್ದೇನೆ.

ಮಾರ್ಚ್ 19

"ಏನೇ ಅದು, ಒಂದೇ ಕಡೆ ಟೈರ್ ಸವೆಸ್ತಿದ್ದೀಯ?"

"ಬಿಸಿ ಇದೆ ರೀ."

"ಮೊಸರು ಬಿಸಿನಾ?"

ನಕ್ಕು ಜಾರಿಕೊಂಡೆ.

ಮಾರ್ಚ್ 21, ಸಂಜೆ

ಆಸ್ಪತ್ರೆಯ ನರ್ಸ್ ಫೋನು. "ಜ್ವರ, ಗಾಯ, ಹಲ್ಲುನೋವು—ಏನಾದ್ರೂ ಇದೆಯಾ ಮೇಡಂ?"

ಇಲ್ಲ ಎನ್ನುವುದು ನಾಲಿಗೆ ತುದಿಯಲ್ಲಿತ್ತು. ಎದುರಿಗೆ ಅವರು, ಎರಡು ಪಾಳಿ ಮುಗಿಸಿ ಬಂದವರು, ನನ್ನ ಆಸ್ಪತ್ರೆ ಚೀಲಕ್ಕೆ ಟವೆಲ್ ಮಡಚುತ್ತಿದ್ದರು. ಅಂಚಿಗೆ ಅಂಚು ಕೂಡಿಸಿ. ಕೀಲು ಕೆಟ್ಟರೆ ಮತ್ತೆ ಇದೇ ಮನುಷ್ಯ, ಇದೇ ಟವೆಲ್...

"ಹಲ್ಲು ನೋಯ್ತಿದೆ ಸಿಸ್ಟರ್. ಆರು ದಿನದಿಂದ."

ತಾರೀಖು ಹೋಯಿತು. ಮೊದಲು ಹಲ್ಲು, ಆಮೇಲೆ ಮಂಡಿ. ಮುಂದಿನ ತಿಂಗಳ ಕೊನೆಗೆ ನೋಡೋಣವಂತೆ.

"ಆರು ದಿನ! ನನ್ನ ರಜಕ್ಕೋಸ್ಕರ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

"ಮತ್ತೆ ಎಲ್ಲರ ಡ್ಯೂಟಿ ಮಾಡ್ಬೇಕಲ್ರೀ ನೀವು."

"ಮಾಡ್ತೀನಿ ಬಿಡೇ. ಇನ್ನೊಂದಷ್ಟು ಟ್ರಿಪ್ಪು, ಏನು ಮಹಾ."

ಟವೆಲ್ ಮಾತ್ರ ಮತ್ತೆ ಬಿಚ್ಚಿ, ಮತ್ತೆ ಮಡಚಿದರು.

ಮಾರ್ಚ್ 24, ಮಧ್ಯಾಹ್ನ

ಇವತ್ತು ಮಂಡಿ ಬರಬೇಕಿತ್ತು. ಹಲ್ಲು ಹೋಯಿತು. ಹತ್ತಿ ಕಚ್ಚಿಕೊಂಡು ಕೂತಿದ್ದೇನೆ, ಒಂದು ಗಂಟೆ ಮಾತಾಡಬಾರದಂತೆ. ಮನೆಗೆ ಶಾಂತಿ.

ಅವರು ರಜ ವಾಪಸ್ ಕೊಟ್ಟು ಒಂದು ದಿನ ಮಾತ್ರ ಉಳಿಸಿಕೊಂಡಿದ್ದಾರೆ. ಬಚ್ಚಲುಮನೆ ಗೋಡೆಗೆ ಸ್ಟೀಲ್ ಹಿಡಿಕೆ ಕೂರಿಸುವ ಕೆಲಸ. ನಾನು ಹಿಡಿದು ಏಳಲಿಕ್ಕೆ.

"ಎಷ್ಟೆತ್ತರಕ್ಕೆ ಬೇಕೇ?" ಎರಡನೇ ಸಲ ಕೂಗಿದರು. ಬಾಯಿ ಬಿಡುವಂತಿಲ್ಲ. ಹೋಗಿ ನಿಂತು, ನನ್ನ ಕೈ ಗೋಡೆಯ ಮೇಲೆ ಎಲ್ಲಿಗೆ ಬರುತ್ತದೆಂದು ತೋರಿಸಿ ಬರುತ್ತೇನೆ.