ಡಬ್ಬಿಯಲ್ಲಿ ಸೀಟಿಗೆ ಜಾಗವಿಲ್ಲ

ಫೆಬ್ರವರಿ 11, ರುತ್ಬಾ

ಚಹಾ ಉಕ್ಕಿತು ಇವತ್ತೂ. ಒಲೆ ಒರೆಸಿದ್ದೇ ಆಯಿತು. ಈ ವರ್ಷ ಗುಡುಗು ಜೋರು, ಅದಕ್ಕೇ ಮರಳಿನಡಿ ಕಮಾ ಅಣಬೆ ಎದ್ದಿದೆಯಂತೆ. ರುತ್ಬಾ ಊರಿಗೆ ಊರೇ ಚೀಲ ಹಿಡಿದು ಹೊರಟಿದೆ. ನನ್ನ ಗಂಡ ನವಾಫ್‌ಗೂ ಹೋಗಲೇಬೇಕು. ಅದೂ ಒಬ್ಬರೇ — ಅಣಬೆಯ ಜಾಗ ಯಾರಿಗೂ ತೋರಿಸಬಾರದಂತೆ! ಹೋದ ವರ್ಷ ಪಕ್ಕದ ಮನೆಯವರು ಗಾಡಿ ಕೆಟ್ಟು, ನೀರಿಲ್ಲದೆ ಸತ್ತರು. ನೆನಪಿಸಿದರೆ ನಗುತ್ತಾರೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಫೆ. 12, ಸಂಜೆ

ಏಲಕ್ಕಿ ಡಬ್ಬಿ ಖಾಲಿ ಮಾಡಿದೆ. ಅವರ ಕೋಟಿನ ಜೇಬಿಗೆ ಸರಿಯಾಗಿದೆ. ಲೈಟರ್, ಕನ್ನಡಿ ಚೂರು, ನೀರು ಶುದ್ಧ ಮಾಡುವ ಮಾತ್ರೆ, ಉಪ್ಪು-ಸಕ್ಕರೆ ಪೊಟ್ಟಣ, ಸೂಜಿ-ದಾರ. ಖರ್ಜೂರಕ್ಕೆ ಜಾಗ ಸಾಲಲಿಲ್ಲ. ಮೇಲೆ ನನ್ನ ಸೀಟಿ, ಶಾಲೆಯ ಆಟದ ಪಿರಿಯಡ್‌ನದು.

"ಏನ್ ಟೀಚರಮ್ಮಾ, ಅಣಬೆಗೆ ಡ್ರಿಲ್ ಮಾಡಿಸ್ಲಾ?" ನವಾಫ್ ನಕ್ಕರು.

"ಗಂಟಲು ಒಣಗಿ ಕೂಗೋಕಾಗದೆ ಇದ್ದಾಗ ಊದೋದು ಅದು."

ಅತ್ತೆಯ ಕಿವಿಗೆ ಬಿತ್ತು. "ನಶ್ಮಿಯಾ! ಮರಳುಗಾಡಲ್ಲಿ ಶಿಳ್ಳೆ ಹಾಕ್ತಾರೇನೇ? ಜಿನ್-ಪಿಶಾಚಿಗಳನ್ನ ಕರೆದು ನನ್ನ ಮಗನ ಹೆಗಲ ಮೇಲೆ ಕೂರಿಸ್ತೀಯಾ? ತೆಗಿ!"

ತೆಗೆದೆ. ಆ ಜಾಗಕ್ಕೆ ಅತ್ತೆ ತಾಯಿತ ತುರುಕಿದರು. ಮುಚ್ಚಳ ಕೂರಲಿಲ್ಲ, ಸೂಜಿ-ದಾರವೂ ಹೊರಗೆ. ಸೀಟಿಯನ್ನು ಬಾಗಿಲ ಮೊಳೆಗೆ ನೇತುಹಾಕಿದೆ. ಸಿಟ್ಟು ಇಳಿದಿಲ್ಲ.

ಫೆ. 13

ಹೊರಟರು. ನಾಳೆ ಸಂಜೆಗೆ ವಾಪಸ್ ಅಂದರು. ನಾನು ಸರಿಯಾಗಿ ಮಾತೂ ಆಡಲಿಲ್ಲ.

ಫೆ. 16

ಬಂದಿಲ್ಲ. ನಿನ್ನೆಯಿಡೀ ಧೂಳುಗಾಳಿ, ಎದುರು ಮನೆ ಕಾಣಲಿಲ್ಲ. ಫೋನ್ ಸ್ವಿಚಾಫ್. ಮೈದುನ ಫರ್ಹಾನ್ ಜೀಪ್ ತೆಗೆದುಕೊಂಡು ಹುಡುಕಲು ಹೋದ. ಅತ್ತೆ ರೊಟ್ಟಿ ಮುಟ್ಟಿಲ್ಲ. ಬರೆದರೆ ಭಯ ಕಡಿಮೆಯಾಗುತ್ತೆ ಅಂದುಕೊಂಡೆ... ಇಲ್ಲ.

ಫೆ. 17, ಬೆಳಿಗ್ಗೆ

ಫರ್ಹಾನ್ ಒಬ್ಬನೇ ಬಂದ. ಮುಖ ಬಿಳಿಚಿದೆ. ಗಾಡಿ ಸಿಕ್ಕಿತಂತೆ, ಮರಳಲ್ಲಿ ಹೂತಿದೆ. ಒಳಗೆ ಯಾರೂ ಇಲ್ಲ.

"ಇನ್ನೂ ಮುಂದಕ್ಕೆ ಹೋಗ್ತಿದ್ದೆ ಅತ್ತಿಗೆ... ಮುಸ್ಸಂಜೆ ಹೊತ್ತು. ಒಣ ಹಳ್ಳದ ಕಡೆಯಿಂದ ಶಿಳ್ಳೆ ಕೇಳಿಸ್ತು. ಜಿನ್ ಅಂತ ಹೆದರಿ, ಬಿಸ್ಮಿಲ್ಲಾ ಅಂದು ಗಾಡಿ ತಿರುಗಿಸಿಬಿಟ್ಟೆ."

"ಶಿಳ್ಳೆನಾ, ಸೀಟಿನಾ?"

"ಅಣ್ಣನ ಹತ್ರ ಸೀಟಿ ಎಲ್ಲಿತ್ತು?"

ಬಾಗಿಲ ಕಡೆ ನೋಡಿದೆ. ಮೊಳೆ ಬರಿದು. ಕಳ್ಳ! ಯಾರಿಗೂ ಹೇಳದೆ ಸೀಟಿ ಒಯ್ದಿದ್ದಾರೆ. ನಾನು ಇಷ್ಟು ದಿನ ಆ ಮೊಳೆ ನೋಡಲೇ ಇಲ್ಲ.

ಅತ್ತೆಯೂ ನೋಡಿದರು. ಚಪ್ಪಲಿ ಮೆಟ್ಟಿದರು. "ಏಳೋ, ಕೀ ತಗೋ. ಜಿನ್ನೇ ಆಗಿರ್ಲಿ, ನಾನೇ ಮಾತಾಡ್ತೀನಿ."

ಅದೇ ದಿನ, ಹಳ್ಳದ ದಂಡೆ

ಜೀಪಲ್ಲೇ ಬರೆಯುತ್ತಿದ್ದೇನೆ. ಕೂಗಿ ಕೂಗಿ ನನ್ನ ಗಂಟಲು ಹೋಯಿತು, ಎಲ್ಲ ಗಾಳಿಪಾಲು. ಫರ್ಹಾನ್ ಸ್ಟೀರಿಂಗ್ ಮೇಲೆ ತಲೆಯಿಟ್ಟಿದ್ದಾನೆ. ಅತ್ತೆ ಇಳಿದು ದಂಡೆಯ ತುದಿಗೆ ಹೋದರು. ಮುಸುಕು ಸರಿಸಿದರು. ಎರಡು ಬೆರಳು ಬಾಯಿಗಿಟ್ಟು, ಕುರಿ ಕಾಯುವವರ ಹಾಗೆ — ಶಿಳ್ಳೆ! ಯಾವಾಗ ಕಲಿತರೋ. ಮತ್ತೊಂದು. ಈಗ ಕೈ ಎತ್ತಿದ್ದಾರೆ, ಉಸಿರೆತ್ತಬೇಡಿ ಅಂತ.

ಗಾಳಿ ಅಷ್ಟೇ.

ಅಲ್ಲ... ಗಾಳಿ ಅಲ್ಲ, ಅದು ನನ್ನ ಸೀಟಿ —